ಅರಿವಳಿಕೆ ಕೊಟ್ಟರೆ ನೆನಪು ಹೋಗುತ್ತದೆಯೇ?

ಎಂಡೋಸ್ಕೋಪಿಯನ್ನೋ ಕೊಲೊನೋಸ್ಕೋಪಿಯನ್ನೋ ಮಾಡಿಸಿಕೊಂಡು ಬಂದವರನ್ನು ಕೇಳಿ ನೋಡಿ. ಕೈಗೆ ಸೂಜಿ ಚುಚ್ಚಿದ್ದು ಅವರಿಗೆ ನೆನಪಿರುತ್ತದೆ. ಆಮೇಲೆ ಬೇರೆ ಮಂಚದ ಮೇಲೆ ಮಲಗಿದ್ದು ನೆನಪಿರುತ್ತದೆ. ನಡುವಿನದು ಏನೂ ಇಲ್ಲ. ‘ಯಾವಾಗ ಶುರು ಮಾಡ್ತೀರಿ?’ ಎಂದು ಕೇಳಿದವರಿಗೆ ನರ್ಸ್ ‘ಆಗ್ಲೇ ಮುಗೀತಲ್ಲಮ್ಮಾ’ ಎಂದು ಉತ್ತರಿಸಿರುತ್ತಾರೆ. ‘ಒಳ್ಳೇ ನಿದ್ದೆ ಬಂದುಬಿಟ್ಟಿತ್ತು’ ಎಂದು ಅವರು ಮನೆಯಲ್ಲಿ ಹೇಳುತ್ತಾರೆ. ಆದರೆ ಒಳಗಿದ್ದ ವೈದ್ಯರು ಕಂಡದ್ದು ಬೇರೆಯೇ. ‘ಎಡಕ್ಕೆ ತಿರುಗಿ’ ಎಂದಾಗ ಇವರು ತಿರುಗಿದ್ದರು. ‘ನೋವಾಗ್ತಿದೆಯಾ?’ ಎಂದಾಗ ಇಲ್ಲವೆಂದು ತಲೆಯಾಡಿಸಿದ್ದರು. ಕೆಲವರು ಎರಡು ಮಾತು ಆಡಿಯೂ ಇರುತ್ತಾರೆ.

ಇಂಥ ತಪಾಸಣೆಗಳಲ್ಲಿ ಹೆಚ್ಚಾಗಿ ಕೊಡುವ ಔಷಧಿ ಮಿಡಾಜೋಲಮ್. ಅದು ರಕ್ತ ಸೇರುವ ಮುಂಚಿನ ನೆನಪುಗಳಿಗೆ ಏನೂ ಆಗುವುದಿಲ್ಲ. ಮನೆಯ ವಿಳಾಸ, ಮಕ್ಕಳ ಹೆಸರು, ಬೆಳಿಗ್ಗೆ ಆಸ್ಪತ್ರೆಗೆ ಬಂದ ದಾರಿ ಎಲ್ಲ ಹಾಗೇ ಇರುತ್ತವೆ. ಔಷಧಿ ಕೆಲಸ ಮಾಡುವಷ್ಟು ಹೊತ್ತು ಹೊಸ ನೆನಪು ಕಟ್ಟುವುದು ಮಾತ್ರ ನಿಂತಿರುತ್ತದೆ. ಆ ಅರ್ಧ ಗಂಟೆಯ ನೆನಪನ್ನು ಯಾರೂ ಅಳಿಸಿಲ್ಲ, ಅದು ಮೂಡಲೇ ಇಲ್ಲ.

ಅಪ್ಪನಿಗೆ ಮಂಡಿ ಆಪರೇಷನ್, ಅಜ್ಜಿಗೆ ಸೊಂಟದ ಮೂಳೆ ಮುರಿತ, ಎಂಟು ತಿಂಗಳ ಮಗುವಿಗೆ ಹರ್ನಿಯಾ ಎಂದಾಗ ಮನೆಯವರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದಿದೆ: ‘ಅನಸ್ತೇಸಿಯಾ ಕೊಟ್ಟರೆ ಜ್ಞಾಪಕಶಕ್ತಿ ಹೋಗುತ್ತಂತೆ, ನಿಜವೇ?’ ಈ ಪ್ರಶ್ನೆಯನ್ನು ‘ಏನೂ ಆಗಲ್ಲ ಬಿಡಿ’ ಎಂದು ತಳ್ಳಿಹಾಕುವುದು ಸರಿಯಲ್ಲ. ಹೌದೆಂದು ಹೆದರಿ ಬೇಕಾದ ಆಪರೇಷನ್ನನ್ನೇ ಮುಂದೂಡುವುದೂ ಸರಿಯಲ್ಲ. ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನ ಈ ಪ್ರಶ್ನೆಯ ಬುಡಕ್ಕೇ ಕೈ ಹಾಕಿದೆ. ಅದು ಕಂಡುಕೊಂಡದ್ದನ್ನು ರೋಗಿಗಳೂ ಅವರ ಮನೆಯವರೂ ತಿಳಿದಿರಬೇಕು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಎಲ್ಲರೆದುರು ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಬಹುಕಾಲ ಒಗಟಾಗಿಯೇ ಉಳಿಯಿತು. ಕೊಬ್ಬಿನಲ್ಲಿ ಹೆಚ್ಚು ಕರಗುವ ಅರಿವಳಿಕೆಗಳಿಗೆ ಶಕ್ತಿಯೂ ಹೆಚ್ಚು ಎಂಬುದನ್ನು ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮೇಯರ್ ಮತ್ತು ಓವರ್ಟನ್ ಗುರುತಿಸಿದರು. ಇವು ನರಕೋಶದ ಕೊಬ್ಬಿನ ಪೊರೆಯಲ್ಲಿ ಕರಗಿ ಇಡೀ ಕೋಶವನ್ನೇ ಮಂಕಾಗಿಸುತ್ತವೆ ಎಂದು ಮುಂದಿನ ಹಲವು ದಶಕ ವಿಜ್ಞಾನಿಗಳು ನಂಬಿದ್ದರು. 1984ರಲ್ಲಿ ನಿಕೋಲಸ್ ಫ್ರಾಂಕ್ಸ್ ಮತ್ತು ವಿಲಿಯಂ ಲೀಬ್ ಈ ನಂಬಿಕೆಯನ್ನು ಅಲುಗಿಸಿದರು. ಮಿಂಚುಹುಳಕ್ಕೆ ಬೆಳಕು ಕೊಡುವ ಪ್ರೋಟೀನನ್ನು ಅವರು ಕೊಬ್ಬಿನ ಸೋಂಕೇ ಇಲ್ಲದಂತೆ ಬೇರ್ಪಡಿಸಿಟ್ಟು ಅರಿವಳಿಕೆ ಬೆರೆಸಿದರು. ಅದರ ಕೆಲಸ ಕುಂಠಿತವಾಯಿತು. ಅಂದರೆ ಈ ಔಷಧಿಗಳು ನೇರವಾಗಿ ಪ್ರೋಟೀನುಗಳಿಗೇ ಅಂಟಿಕೊಳ್ಳಬಲ್ಲವು. ಅಲ್ಲಿಂದ ಸಂಶೋಧಕರ ಗಮನ ನರಕೋಶದ ಮೇಲಿನ ರಿಸೆಪ್ಟರ್‌ಗಳತ್ತ, ಎಂದರೆ ರಾಸಾಯನಿಕ ಸಂದೇಶಗಳನ್ನು ಬರಮಾಡಿಕೊಳ್ಳುವ ಪ್ರೋಟೀನುಗಳತ್ತ ಹರಿಯಿತು.

ಆಗ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತ ಬಂತು. ಅರಿವಳಿಕೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಕೆಲಸಗಳು ಸೇರಿವೆ. ಎಚ್ಚರ ತಪ್ಪಬೇಕು, ನೋವು ತಟ್ಟಬಾರದು, ಕತ್ತರಿ ಮುಟ್ಟಿದಾಗ ದೇಹ ಮಿಸುಕಬಾರದು, ನಡೆದದ್ದು ನೆನಪಿರಬಾರದು. ಇವೆಲ್ಲ ನಡೆಯುವುದು ಒಂದೇ ಜಾಗದಲ್ಲಲ್ಲ. ದೇಹ ಮಿಸುಕದಂತೆ ತಡೆಯುವ ಕೆಲಸ ಬಹುಪಾಲು ಬೆನ್ನುಹುರಿಯಲ್ಲಿ ನಡೆಯುತ್ತದೆ ಎಂದು 1993ರ ಪ್ರಾಣಿ ಪ್ರಯೋಗಗಳು ತೋರಿಸಿದವು. ಪ್ರಮಾಣವೂ ಒಂದೇ ಅಲ್ಲ. ದೇಹವನ್ನು ಅಲುಗದಂತೆ ಇಡಲು ಬೇಕಾದ ಅರಿವಳಿಕೆಯ ಅನಿಲದಲ್ಲಿ ಸಣ್ಣ ಪಾಲು ಸಾಕು, ಹೊಸ ನೆನಪು ಮೂಡುವುದು ನಿಲ್ಲುತ್ತದೆ. ಮಿದುಳಿನ ಕೆಲಸಗಳಲ್ಲಿ ಮೊದಲು ಸೋಲುವುದು ನೆನಪೇ.

ಅದು ಯಾಕೆ ಹಾಗೆ ಎಂದು ತಿಳಿಯಲು ನೆನಪು ಹೇಗೆ ಮೂಡುತ್ತದೆ ಎಂಬುದನ್ನು ನೋಡಬೇಕು. ಮೂರ್ಛೆರೋಗದಿಂದ ಬಳಲುತ್ತಿದ್ದ ಅಮೆರಿಕದ 27 ವರ್ಷದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಆ ದಿನದಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರಲ್ಲಿ ಹೊಸ ಘಟನೆಗಳ ನೆನಪು ನಿಲ್ಲಲೇ ಇಲ್ಲ. ಬಾಲ್ಯದ ನೆನಪುಗಳಿದ್ದವು, ಮಾತಿತ್ತು, ಬುದ್ಧಿ ಚುರುಕಾಗಿತ್ತು. ಐದು ನಿಮಿಷದ ಹಿಂದೆ ಮಾತಾಡಿಸಿ ಹೋದವರು ಮತ್ತೆ ಬಂದರೆ ಮಾತ್ರ ಹೊಸಬರೇ. ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್, ಹೊಸ ನೆನಪನ್ನು ಕಟ್ಟುವುದರಲ್ಲಿ ಹಿಪೊಕ್ಯಾಂಪಸ್‌ನ ಪಾತ್ರವನ್ನು ಜಗತ್ತಿಗೆ ತೋರಿಸಿಕೊಟ್ಟರು. ಮಿಡಾಜೋಲಮ್ ಪಡೆದವರು ಅರ್ಧ ಗಂಟೆ ಅನುಭವಿಸುವುದನ್ನು ಮೊಲೈಸನ್ 55 ವರ್ಷ ಅನುಭವಿಸಿದರು.

ಹಿಪೊಕ್ಯಾಂಪಸ್‌ನೊಳಗೆ ನಡೆಯುವುದೇನು ಎಂಬುದರ ಮೊದಲ ಬಲವಾದ ಸುಳಿವು ಸಿಕ್ಕಿದ್ದು 1973ರಲ್ಲಿ. ಮೊಲಗಳ ಹಿಪೊಕ್ಯಾಂಪಸ್‌ಗೆ ಹೋಗುವ ನರಗಳನ್ನು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೊಮೊ ಸ್ವಲ್ಪ ಹೊತ್ತು ವೇಗವಾಗಿ ಪ್ರಚೋದಿಸಿದರು. ಆಮೇಲೆ ಆ ನರಕೋಶಗಳ ನಡುವಿನ ಸಂಪರ್ಕ ಗಂಟೆಗಟ್ಟಲೆ ಬಲವಾಗಿಯೇ ಉಳಿಯಿತು. ಕಲಿಕೆ ಎಂದರೆ ಇಂಥ ಸಂಪರ್ಕಗಳು ಗಟ್ಟಿಯಾಗುವುದು ಎಂಬ ವಿಚಾರಕ್ಕೆ ಅಲ್ಲಿಂದ ಬಲ ಬಂತು.

ಈ ಗಟ್ಟಿಯಾಗುವ ಕೆಲಸದ ಮುಖ್ಯ ಸೂತ್ರಧಾರಿ ಎನ್‌ಎಂಡಿಎ ರಿಸೆಪ್ಟರ್. ಬ್ಯಾಂಕಿನ ಲಾಕರನ್ನು ನೆನೆಸಿಕೊಳ್ಳಿ: ನಮ್ಮ ಕೀಲಿಯೊಂದೇ ಹಾಕಿದರೆ ತೆರೆಯದು, ಬ್ಯಾಂಕಿನ ಕೀಲಿಯೂ ಬೀಳಬೇಕು. ಎನ್‌ಎಂಡಿಎ ರಿಸೆಪ್ಟರ್ ಕೂಡ ಹಾಗೆಯೇ. ಪಕ್ಕದ ಕೋಶದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಬಂದು ಕೂರಬೇಕು, ಅದೇ ಹೊತ್ತಿಗೆ ತನ್ನ ಕೋಶವೂ ಮೊದಲೇ ವಿದ್ಯುತ್ತಿನಿಂದ ಚುರುಕಾಗಿರಬೇಕು. ಎರಡೂ ಕೂಡಿದಾಗಲೇ ರಂಧ್ರಕ್ಕೆ ಅಡ್ಡ ಕೂತ ಮೆಗ್ನೀಸಿಯಂ ಅಯಾನು ಹೊರಬಿದ್ದು ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಆ ಕ್ಯಾಲ್ಸಿಯಂ ಸಂಪರ್ಕವನ್ನು ಗಟ್ಟಿ ಮಾಡುವ ಕೆಲಸವನ್ನು ಶುರು ಮಾಡುತ್ತದೆ. ಒಂದು ಮುಖ ಮತ್ತು ಒಂದು ಹೆಸರು, ಒಂದು ಓಣಿ ಮತ್ತು ಅದರ ತುದಿಯ ಮನೆ ಒಟ್ಟಿಗೆ ನೆನಪಿನಲ್ಲಿ ಕೂರುವುದರ ಹಿಂದೆ ಈ ಕೂಡಿಕೆ ಇದೆ.

1986ರಲ್ಲಿ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಕಲಕಿದ ನೀರಿನ ತೊಟ್ಟಿಯಲ್ಲಿ ಕಣ್ಣಿಗೆ ಕಾಣದಂತೆ ಮುಳುಗಿರುವ ಕಟ್ಟೆಯನ್ನು ಇಲಿ ಸುತ್ತಲಿನ ಗುರುತುಗಳ ಆಧಾರದಿಂದ ಹುಡುಕಲು ಕಲಿಯಬೇಕು. ಎನ್‌ಎಂಡಿಎ ರಿಸೆಪ್ಟರನ್ನು ತಡೆಯುವ ಔಷಧಿ ಮಿದುಳಿಗೆ ಹೋದ ಇಲಿಗಳು ಈಜುತ್ತಿದ್ದವು, ಆದರೆ ಕಟ್ಟೆ ಎಲ್ಲಿದೆ ಎಂಬುದನ್ನು ಸರಿಯಾಗಿ ಕಲಿಯಲಾರದೆ ಹೋದವು. ನಮ್ಮ ಆಸ್ಪತ್ರೆಗಳಲ್ಲಿ ಸುಟ್ಟಗಾಯದ ಡ್ರೆಸ್ಸಿಂಗ್‌ನಿಂದ ಹಿಡಿದು ತುರ್ತು ಶಸ್ತ್ರಚಿಕಿತ್ಸೆಯವರೆಗೆ ಬಳಕೆಯಲ್ಲಿರುವ ಕೆಟಮಿನ್ ತಡೆಯುವುದು ಇದೇ ರಿಸೆಪ್ಟರನ್ನು. ನೈಟ್ರಸ್ ಆಕ್ಸೈಡ್‌ನ ಗುರಿಯೂ ಮುಖ್ಯವಾಗಿ ಇದೇ.

ಉಳಿದ ಬಹುಪಾಲು ಅರಿವಳಿಕೆಗಳ ದಾರಿ ಬೇರೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫೋಲ್, ಎಟೊಮಿಡೇಟ್, ಮಿಡಾಜೋಲಮ್ ಇವೆಲ್ಲ ಗಾಬಾ-ಎ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತವೆ. ಉಸಿರಿನ ಮೂಲಕ ಕೊಡುವ ಐಸೊಫ್ಲುರೇನ್, ಸೆವೊಫ್ಲುರೇನ್‌ಗಳ ಪ್ರಮುಖ ಗುರಿಗಳಲ್ಲಿ ಇದೂ ಒಂದು. ಗಾಬಾ ಎಂಬುದು ಮಿದುಳಿನ ತಡೆಯುವ ರಾಸಾಯನಿಕ. ಅದು ರಿಸೆಪ್ಟರ್ ಮೇಲೆ ಕೂತಾಗ ಕ್ಲೋರೈಡ್ ಒಳಗೆ ಹರಿದು ನರಕೋಶ ಶಾಂತವಾಗುತ್ತದೆ. ಅರಿವಳಿಕೆ ಈ ಶಾಂತತೆಯನ್ನು ಇನ್ನಷ್ಟು ಆಳವಾಗಿಯೂ ದೀರ್ಘವಾಗಿಯೂ ಮಾಡುತ್ತದೆ.

ಗಾಬಾ-ಎ ರಿಸೆಪ್ಟರ್ ಐದು ತುಣುಕುಗಳು ಸೇರಿ ಆದದ್ದು. ತುಣುಕುಗಳಲ್ಲಿ ಹಲವು ಬಗೆಗಳಿವೆ. ಯಾವ ತುಣುಕು ಸೇರಿದೆ ಎಂಬುದರ ಮೇಲೆ ರಿಸೆಪ್ಟರ್‌ನ ಸ್ವಭಾವ ಬದಲಾಗುತ್ತದೆ. ಆಲ್ಫಾ-5 ಎಂಬ ತುಣುಕಿರುವ ರಿಸೆಪ್ಟರ್‌ಗಳು ಮಿದುಳಿನ ಬೇರೆ ಕಡೆ ಕಡಿಮೆ, ಹಿಪೊಕ್ಯಾಂಪಸ್‌ನಲ್ಲಿ ಮಾತ್ರ ಹೇರಳ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ತುಣುಕೇ ಇಲ್ಲದಂತೆ ಹುಟ್ಟಿಸಿದ ಇಲಿಗಳು ನೀರಿನ ತೊಟ್ಟಿಯ ಪಾಠವನ್ನು ಸಾಮಾನ್ಯ ಇಲಿಗಳಿಗಿಂತ ಚೆನ್ನಾಗಿ ಕಲಿತವು. 2006ರಲ್ಲಿ ಟೊರಾಂಟೊದ ಬೆವರ್ಲಿ ಆರ್ಸರ್ ಅವರ ತಂಡ ಅಂಥ ಇಲಿಗಳಿಗೆ ಎಟೊಮಿಡೇಟ್ ಕೊಟ್ಟು ನೋಡಿತು. ಅವಕ್ಕೆ ಮಂಪರು ಎಂದಿನಂತೆಯೇ ಬಂತು, ಆದರೆ ಮರೆವು ಬರಲಿಲ್ಲ. ಒಂದೇ ಔಷಧಿ ನಿದ್ದೆಗೆ ಒಂದು ರಿಸೆಪ್ಟರನ್ನೂ ಮರೆವಿಗೆ ಇನ್ನೊಂದನ್ನೂ ಬಳಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಮರೆವು ನಿದ್ದೆಯ ಬಾಲವಾಗಿ ಬರುವುದಿಲ್ಲ; ಅದಕ್ಕೆ ತನ್ನದೇ ದಾರಿಯಿದೆ.

ಇದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ತೆಗೆದುಕೊಂಡಿದೆ. ನೆನಪಿಲ್ಲ ಎಂದ ಮಾತ್ರಕ್ಕೆ ಆ ಹೊತ್ತಿನಲ್ಲಿ ಎಚ್ಚರವೂ ಇರಲಿಲ್ಲ ಎನ್ನಬಹುದೇ? 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಸರಳವಾದ ಪರೀಕ್ಷೆಯೊಂದನ್ನು ವಿವರಿಸಿದರು. ಸ್ನಾಯುಗಳನ್ನು ಸಡಿಲಿಸುವ ಔಷಧಿ ಕೊಡುವ ಮೊದಲು ಒಂದು ತೋಳಿಗೆ ಬಿಪಿ ಪಟ್ಟಿಯನ್ನು ಬಿಗಿಯುತ್ತಾರೆ, ಔಷಧಿ ಆ ಕೈಗೆ ಇಳಿಯುವುದಿಲ್ಲ. ಅರಿವಳಿಕೆಯಲ್ಲಿರುವಾಗ ‘ಕೇಳಿಸುತ್ತಿದ್ದರೆ ನನ್ನ ಕೈ ಒತ್ತಿ’ ಎನ್ನುತ್ತಾರೆ. 2017ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ ಉಸಿರಿನ ಕೊಳವೆ ಹಾಕಿದ ಮೇಲೆ ಹೀಗೆ ಕೇಳಿದಾಗ 260 ರೋಗಿಗಳಲ್ಲಿ 12 ಮಂದಿ ಕೈ ಒತ್ತಿದರು. ಹೀಗೆ ಸ್ಪಂದಿಸಿದವರಿಗೆ ಆಮೇಲೆ ಅದರ ನೆನಪು ಸಾಮಾನ್ಯವಾಗಿ ಇರುವುದಿಲ್ಲ. ರೋಗಿಗಳು ತಾವಾಗಿಯೇ ‘ನನಗೆ ಎಚ್ಚರವಿತ್ತು’ ಎಂದು ನೆನೆದು ಹೇಳಿದ ಪ್ರಕರಣಗಳನ್ನು ಲೆಕ್ಕ ಹಾಕಿದ ಬ್ರಿಟನ್ ಮತ್ತು ಐರ್ಲೆಂಡಿನ 2014ರ ವರದಿಯಲ್ಲಿ ಸಿಕ್ಕ ಪ್ರಮಾಣ ಸುಮಾರು 19,000ಕ್ಕೆ ಒಂದು. ಈ ಎರಡು ಲೆಕ್ಕಗಳ ನಡುವೆ ಇಷ್ಟೊಂದು ಅಂತರವಿರುವುದರ ದೊಡ್ಡ ಕಾರಣ ನೆನಪು ಕಟ್ಟದಿರುವುದೇ. ಮರೆಸಿದರೆ ಸಾಕು ಎಂಬ ಧೋರಣೆ ಸಲ್ಲದು. ಒಳ್ಳೆಯ ಅರಿವಳಿಕೆ ತಜ್ಞರು ನೋವನ್ನೂ ಎಚ್ಚರವನ್ನೂ ನೆನಪನ್ನೂ ಬೇರೆ ಬೇರೆಯಾಗಿ ಗಮನಿಸುವುದು ಇದಕ್ಕೇ.

ಈಗ ಮನೆಯವರ ಪ್ರಶ್ನೆಗೆ ಬರೋಣ. ಔಷಧಿ ದೇಹದಿಂದ ಹೋದ ಮೇಲೂ ಮರೆವು ಉಳಿಯುತ್ತದೆಯೇ? ಆರ್ಸರ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ. ಒಂದು ಸಲ ಎಟೊಮಿಡೇಟ್ ಕೊಟ್ಟ ಇಲಿಗಳಲ್ಲಿ ಔಷಧಿ ಹೋಗಿ ಎಷ್ಟೋ ಹೊತ್ತಾದ ಮೇಲೂ ಆಲ್ಫಾ-5 ರಿಸೆಪ್ಟರ್‌ಗಳು ಜೀವಕೋಶದ ಮೇಲ್ಮೈಯಲ್ಲಿ ಹೆಚ್ಚಾಗಿಯೇ ಇದ್ದವು. ಹಲವು ದಿನಗಳ ಕಾಲ ಅವುಗಳ ಕಲಿಕೆ ಕುಂದಿತ್ತು. ಈ ರಿಸೆಪ್ಟರನ್ನು ತಡೆಯುವ ಇನ್ನೊಂದು ಔಷಧಿ ಕೊಟ್ಟಾಗ ನೆನಪು ಸುಧಾರಿಸಿತು. ಇದು ಇಲಿಯ ಮಾತು. ಮನುಷ್ಯರಲ್ಲಿ ಆಪರೇಷನ್ ನಂತರದ ಮರೆವಿಗೆ ಇಂಥ ಔಷಧಿಯ ಬಳಕೆ ಇನ್ನೂ ಶುರುವಾಗಿಲ್ಲ. ಆದರೆ ‘ಔಷಧಿ ಇಳಿಯಿತು, ಕಥೆ ಮುಗಿಯಿತು’ ಎನ್ನುವ ಹಾಗಿಲ್ಲ ಎಂಬುದನ್ನು ಈ ಪ್ರಯೋಗ ತಿಳಿಸಿತು.

ಮನುಷ್ಯರ ಲೆಕ್ಕ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 60 ದಾಟಿದ, ಹೃದಯದ್ದಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 1,218 ಮಂದಿಯನ್ನು ಪರೀಕ್ಷಿಸಿದಾಗ ಒಂದು ವಾರದ ನಂತರ ಶೇ 25.8ರಷ್ಟು ಮಂದಿಯಲ್ಲಿ ನೆನಪು, ಏಕಾಗ್ರತೆಗಳು ಕುಗ್ಗಿದ್ದವು. ಮೂರು ತಿಂಗಳ ನಂತರ ಹೀಗಿದ್ದವರು ಶೇ 9.9. ಅಂದರೆ ಹಿರಿಯರ ಮನೆಯವರು ‘ಆಪರೇಷನ್ ಆದ ಮೇಲೆ ಅಪ್ಪ ಮೊದಲಿನಂತಿಲ್ಲ’ ಎನ್ನುವುದು ಬರೀ ಭ್ರಮೆಯಲ್ಲ. ಅದೇ ವೇಳೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ ಎಂಬುದೂ ಈ ಅಂಕಿಗಳಲ್ಲೇ ಇದೆ.

ದೋಷವೆಲ್ಲ ಅರಿವಳಿಕೆಯದೇ ಎಂದು ತೀರ್ಮಾನಿಸಲು ಮಾತ್ರ ಆಧಾರ ಸಿಕ್ಕಿಲ್ಲ. ಪೂರ್ತಿ ಎಚ್ಚರ ತಪ್ಪಿಸಿದವರನ್ನೂ ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಿದವರನ್ನೂ 2003ರಲ್ಲಿ ಹೋಲಿಸಿ ನೋಡಿದರು. ಮೂರು ತಿಂಗಳ ನಂತರ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1,600 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಆಪರೇಷನ್ ನಂತರದ ಗೊಂದಲ, ಬಡಬಡಿಕೆ ಎರಡೂ ಗುಂಪಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕಾಣಿಸಿತು. ಶಸ್ತ್ರಚಿಕಿತ್ಸೆಯಿಂದ ಮೈಯಲ್ಲಿ ಏಳುವ ಉರಿಯೂತ, ನೋವು, ನಿದ್ದೆಗೇಡು, ಸೋಂಕು, ಮೊದಲೇ ಒಳಗೊಳಗೆ ಶುರುವಾಗಿದ್ದ ಮರೆವಿನ ಕಾಯಿಲೆ ಇವೆಲ್ಲವೂ ಇದರಲ್ಲಿ ಪಾಲುದಾರರು. ಹಾಗಾಗಿ ‘ಬೆನ್ನಿಗೇ ಇಂಜೆಕ್ಷನ್ ಕೊಡಿ, ಪೂರ್ತಿ ಅನಸ್ತೇಸಿಯಾ ಬೇಡ’ ಎಂದು ಹಟ ಹಿಡಿಯುವುದರಿಂದ ಹಿರಿಯರ ನೆನಪು ಉಳಿಯುತ್ತದೆ ಎನ್ನಲಾಗದು.

ಎಳೆಯ ಮಕ್ಕಳ ವಿಷಯದಲ್ಲಿ ಆತಂಕ ಹುಟ್ಟಿಸಿದ್ದು 2003ರ ಇಲಿ ಪ್ರಯೋಗ. ಏಳು ದಿನದ ಮರಿಗಳಿಗೆ ಆರು ಗಂಟೆ ಕಾಲ ಮೂರು ಅರಿವಳಿಕೆಗಳನ್ನು ಕೂಡಿಸಿ ಕೊಟ್ಟಾಗ ಮಿದುಳಿನ ಕೋಶಗಳು ಸತ್ತವು, ಆ ಮರಿಗಳು ಬೆಳೆದ ಮೇಲೂ ಕಲಿಕೆಯಲ್ಲಿ ಹಿಂದೆ ಬಿದ್ದವು. ಬೆಳೆಯುವ ಮಿದುಳು ತನ್ನ ಸಂಪರ್ಕಗಳನ್ನು ಕಟ್ಟಿಕೊಳ್ಳಲು ಗಾಬಾ ಮತ್ತು ಎನ್‌ಎಂಡಿಎ ಎರಡನ್ನೂ ನೆಚ್ಚಿಕೊಂಡಿರುವುದರಿಂದ ಈ ಭಯಕ್ಕೆ ಅರ್ಥವಿತ್ತು. ಮೂರು ವರ್ಷದೊಳಗಿನ ಮಕ್ಕಳಿಗೂ ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿರುವವರಿಗೂ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ನೀಡಿತು. ಸಮಾಧಾನದ ಸುದ್ದಿ ಬಂದದ್ದು 2019ರಲ್ಲಿ. ಏಳು ದೇಶಗಳ 722 ಶಿಶುಗಳನ್ನು ಹರ್ನಿಯಾ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಎರಡು ಗುಂಪು ಮಾಡಿ ಐದು ವರ್ಷ ತುಂಬುವವರೆಗೆ ಗಮನಿಸಿದ್ದರು. ಸೆವೊಫ್ಲುರೇನ್ ಕೊಟ್ಟವರಿಗೂ ಎಚ್ಚರವಿರುವಾಗಲೇ ಸೊಂಟದ ಕೆಳಗೆ ಮರಗಟ್ಟಿಸಿದವರಿಗೂ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಗಂಟೆಯೊಳಗಿನ ಒಂದು ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ಕುಂದು ಬರುತ್ತದೆ ಎಂದು ಹೆದರಬೇಕಿಲ್ಲ. ಬೇಕಾದ ಆಪರೇಷನ್ನನ್ನು ಈ ಭಯದಿಂದ ಮುಂದೂಡಿದರೆ ಮಗುವಿಗೆ ಆಗುವ ಹಾನಿಯೇ ದೊಡ್ಡದು.

ಹಾಗಾದರೆ ನಾವು ಮಾಡಬಹುದಾದ್ದೇನು? ಮೊದಲನೆಯದು, ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರು ಬಂದು ಮಾತಾಡಿಸುವ ಆ ಹತ್ತು ನಿಮಿಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿರಿಯರಿಗೆ ಈಗಾಗಲೇ ಮರೆವಿದ್ದರೆ, ಹಿಂದಿನ ಆಪರೇಷನ್ ನಂತರ ಬಡಬಡಿಸಿದ್ದರೆ, ಕುಡಿತವಿದ್ದರೆ ಮುಚ್ಚಿಡದೆ ಹೇಳಿ. ನಿದ್ದೆ ಮಾತ್ರೆಯ ವಿಷಯವನ್ನಂತೂ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ವರ್ಷಗಟ್ಟಲೆ ನುಂಗುವ ಆಲ್‌ಪ್ರಜೋಲಮ್‌ನಂಥ ಮಾತ್ರೆಗಳು ಮಿಡಾಜೋಲಮ್‌ನ ಒಡಹುಟ್ಟುಗಳೇ, ಕೆಲಸ ಮಾಡುವುದೂ ಅದೇ ಗಾಬಾ-ಎ ರಿಸೆಪ್ಟರ್ ಮೇಲೆ. ಅವು ಹಿರಿಯರ ನೆನಪನ್ನು ಮಂಕಾಗಿಸುತ್ತವೆ, ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ. ಹಾಗೆಂದು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಎರಡನೆಯದು, ಮಂಪರಿನ ಇಂಜೆಕ್ಷನ್ ಪಡೆದವರು ಎಚ್ಚರವಾಗಿ ಮಾತಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಹೇಳಿದ್ದೆಲ್ಲ ಅವರ ನೆನಪಿನಲ್ಲಿ ಉಳಿಯುತ್ತದೆ ಎಂದುಕೊಳ್ಳಬೇಡಿ. ತಪಾಸಣೆಯ ಫಲಿತಾಂಶ, ಮಾತ್ರೆಯ ಲೆಕ್ಕ, ಮುಂದಿನ ಭೇಟಿಯ ದಿನ ಇವನ್ನು ಜೊತೆಗಿರುವವರು ಕೇಳಿಸಿಕೊಂಡು ಬರೆದುಕೊಳ್ಳಲಿ. ಅವತ್ತು ಗಾಡಿ ಓಡಿಸುವುದು, ಕಾಗದಪತ್ರಕ್ಕೆ ಸಹಿ ಹಾಕುವುದು ಬೇಡ.

ಮೂರನೆಯದು, ಆಪರೇಷನ್ ಆದ ಹಿರಿಯರ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟನ್ನು ಚೀಲದಲ್ಲೇ ಇಟ್ಟುಕೊಳ್ಳದೆ ವೈದ್ಯರು ಒಪ್ಪಿದ ಕೂಡಲೇ ತೊಡಿಸಿ. ಹಗಲಲ್ಲಿ ಬೆಳಕು, ರಾತ್ರಿ ನಿದ್ದೆ, ಪರಿಚಿತ ಮುಖ, ಸಾಕಷ್ಟು ನೀರು, ನೋವಿಗೆ ಸರಿಯಾದ ಔಷಧಿ, ಆದಷ್ಟು ಬೇಗ ಎದ್ದು ನಡೆದಾಡುವುದು ಇವು ಗೊಂದಲವನ್ನು ತಡೆಯುತ್ತವೆ ಎಂಬುದು ಪರೀಕ್ಷಿಸಿ ಕಂಡ ಸತ್ಯ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಪಕ್ಕದಲ್ಲಿ ಕೂರುವ ಮನೆಯವರು ಬೇಕು.

ಆಸ್ಪತ್ರೆಗಳಿಗೂ ಒಂದು ಮಾತು. ಹಿರಿಯರ ಬಿಪಿ, ಸಕ್ಕರೆ, ಇಸಿಜಿಗಳನ್ನು ತಪ್ಪದೆ ನೋಡುವ ನಾವು ಅವರ ನೆನಪನ್ನು ಆಪರೇಷನ್‌ಗೆ ಮುಂಚೆ ಪರೀಕ್ಷಿಸುವುದು ತೀರಾ ಅಪರೂಪ. ಕೆಲವೇ ನಿಮಿಷದ ಸರಳ ಪರೀಕ್ಷೆ ಅದು. ಮೊದಲು ಹೇಗಿತ್ತು ಎಂದು ಗೊತ್ತಿದ್ದರೆ ಮಾತ್ರ ಆಮೇಲೆ ಎಷ್ಟು ಕುಂದಿದೆ ಎಂದು ಹೇಳಬಹುದು. ಅರವತ್ತೈದು ದಾಟಿದ ಪ್ರತಿಯೊಬ್ಬರಿಗೂ ಇದನ್ನು ಮಾಡಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ನಿಮ್ಮ ಮನೆಯ ಹಿರಿಯರಿಗೆ ಆಪರೇಷನ್ ನಿಗದಿಯಾಗಿದ್ದರೆ, ದಯವಿಟ್ಟು ಈ ವಾರವೇ ಕೇಳಿ.